ಸ್ನಾರ್ಕೆಲಿಂಗ್‌ಗೆ ಎಲ್ಲಿಗೆ ಹೋಗಬೇಕು, ಎಲ್ಲಿ ದುಡ್ಡು ದಂಡ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಘಟ್ಟದ ಮೇಲಿನವನು. ಈಜು ಕಲಿತದ್ದು ಊರ ಕೆರೆಯಲ್ಲಿ. ಕಡಲಿನಲ್ಲಿ ಮುಖ ಮುಳುಗಿಸಿ ಕಣ್ಣು ಬಿಟ್ಟಿದ್ದು ಮೂವತ್ತು ದಾಟಿದ ಮೇಲೆ. ಆಮೇಲೆ ಹುಚ್ಚು ಹಿಡಿಯಿತು. ಈಗ ರಜೆ ಹತ್ತಿರ ಬಂತೆಂದರೆ ಗೆಳೆಯರು, ನೆಂಟರು, ನೆಂಟರ ಆಫೀಸಿನವರು ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಯಿತು. ಉತ್ತರಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸ್ನಾರ್ಕೆಲಿಂಗ್ ಅಂದರೆ ಸ್ಕೂಬಾ ತಾನೇ?

ಅಲ್ಲ. ಸ್ಕೂಬಾದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುತ್ತೀರಿ. ಸ್ನಾರ್ಕೆಲಿಂಗ್‌ನಲ್ಲಿ ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗೆ ನೋಡುತ್ತೀರಿ. ಕಣ್ಣಿಗೆ ಮಾಸ್ಕ್, ಬಾಯಿಗೆ ಒಂದು ಕೊಳವೆ, ಕಾಲಿಗೆ ಫಿನ್. ಅಷ್ಟೇ ಸಾಮಾನು. ಜಾಗ ಆರಿಸುವಾಗ ಈ ವ್ಯತ್ಯಾಸ ನೆನಪಿರಲಿ. ಸ್ಕೂಬಾಗೆ ಚೆನ್ನಾಗಿರುವ ಜಾಗವೆಲ್ಲ ಮೇಲಿಂದ ನೋಡುವವರಿಗೆ ಚೆನ್ನಾಗಿರುವುದಿಲ್ಲ.

ಈಜು ಬರಲ್ಲ. ಆದ್ರೂ ಮಾಡಬಹುದಾ?

ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಜೊತೆ, ಅಲೆ ಇಲ್ಲದ ಕಡೆ ಮಾಡಬಹುದು. ದಿನವೂ ನೂರಾರು ಜನ ಹಾಗೇ ಮಾಡುತ್ತಾರೆ. ಆದರೆ ಮೊದಲ ಸಲ ನೇರವಾಗಿ ಕಡಲಿಗೆ ಬೀಳಬೇಡಿ. ನಿಮ್ಮೂರಿನ ಈಜುಕೊಳದಲ್ಲಿ ಸೊಂಟ ಮಟ್ಟದ ನೀರಲ್ಲಿ ನಿಂತು, ಮಾಸ್ಕ್ ಹಾಕಿ, ಬಾಯಿಂದಲೇ ಉಸಿರಾಡುವುದನ್ನು ಅರ್ಧ ಗಂಟೆ ಅಭ್ಯಾಸ ಮಾಡಿ. ಮೂಗು ಮುಚ್ಚಿದೆ ಅಂತ ಮಿದುಳು ಗಾಬರಿ ಬೀಳುತ್ತದೆ. ಆ ಗಾಬರಿ ಕೊಳದಲ್ಲೇ ಮುಗಿದುಹೋಗಲಿ. ಎಷ್ಟೋ ಜನ ಹಣ ಕಟ್ಟಿ, ದೋಣಿಯಲ್ಲಿ ಒಂದು ಗಂಟೆ ಹೋಗಿ, ನೀರಿಗಿಳಿದು ಎರಡೇ ನಿಮಿಷಕ್ಕೆ ಮೇಲೆ ಬರುವುದು ಮೀನು ಇಲ್ಲ ಅಂತಲ್ಲ, ಈ ಗಾಬರಿಗೆ.

ನಮ್ಮ ನೇತ್ರಾಣಿ ಹೇಗಿದೆ?

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲಿನಲ್ಲಿದೆ. ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಮೇಲಿಂದ ನೋಡಿದರೆ ಹೃದಯದ ಆಕಾರ ಅಂತ ಫೋಟೋಗಳಲ್ಲಿ ನೋಡಿರುತ್ತೀರಿ. ದೋಣಿಯಿಂದ ನೋಡಿದರೆ ಕಡಿದಾದ ಕಲ್ಲುಗೋಡೆ, ಮೇಲೆ ಹಸಿರು, ತಲೆಯ ಮೇಲೆ ಸುತ್ತುವ ಬಿಳಿ ಹೊಟ್ಟೆಯ ಕಡಲ ಹದ್ದು. ಆ ನೋಟಕ್ಕೇ ಅರ್ಧ ದುಡ್ಡು ಸಂದಿತು.

ನೀರಿನ ಕೆಳಗಿನ ವಿಷಯಕ್ಕೆ ಬಂದರೆ, ನನ್ನ ಮಟ್ಟಿಗೆ ನೇತ್ರಾಣಿ ಸ್ಕೂಬಾದವರ ಜಾಗ. ದ್ವೀಪದ ಕಲ್ಲುಗೋಡೆ ನೇರ ಕೆಳಗೆ ಇಳಿಯುತ್ತದೆ. ದೋಣಿ ಲಂಗರು ಹಾಕುವ ಕಡೆ ತಳ ನಿಮ್ಮಿಂದ ಸಾಕಷ್ಟು ದೂರ ಇರುತ್ತದೆ. ಮೇಲೆ ತೇಲುವವರಿಗೆ ಮೀನಿನ ಹಿಂಡು ಕಾಣುತ್ತದೆ, ನೀರು ತಿಳಿಯಿದ್ದರೆ ಬಂಡೆಗಳ ಮೇಲೆ ಅಂಟಿಕೊಂಡ ಹವಳವೂ ಕಾಣುತ್ತದೆ. ಆದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹವಳದ ತೋಟ ನೋಡುವ ಆಸೆ ಇದ್ದರೆ ಇಲ್ಲಿ ಅದು ಪೂರ್ತಿ ತೀರುವುದಿಲ್ಲ. ಹಾಗಾಗಿ ಒಂದು ಸಲಹೆ: ನೇತ್ರಾಣಿಗೆ ಹೋಗುವುದಾದರೆ ಸ್ವಲ್ಪ ಜಾಸ್ತಿ ದುಡ್ಡು ಹಾಕಿ, ತರಬೇತುದಾರರ ಜೊತೆ ಹೊಸಬರ ಸ್ಕೂಬಾ ಮಾಡಿಬಿಡಿ. ಅದಕ್ಕೆ ಈಜೂ ಬರಬೇಕಾಗಿಲ್ಲ. ಬರೀ ಸ್ನಾರ್ಕೆಲಿಂಗ್‌ಗೆ ಅಂತಲೇ ಹೋದವರು ವಾಪಸ್ ಬಂದು "ಪರವಾಗಿಲ್ಲ" ಅನ್ನುತ್ತಾರೆ. ಸ್ಕೂಬಾ ಮಾಡಿದವರು ಮಾತು ನಿಲ್ಲಿಸುವುದೇ ಇಲ್ಲ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನನ್ನ ಆಯ್ಕೆ. ಮಳೆಗಾಲದಲ್ಲಿ ಪೂರ್ತಿ ಬಂದ್. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಕಡಲಲ್ಲೇ ಬದುಕುವವರು ದಡದಲ್ಲಿ ಬಲೆ ಹೊಲಿಯುತ್ತಾ ಕೂತಿರುವಾಗ ನಮಗೇನು ಅವಸರ, ಅಲ್ವಾ?

ದ್ವೀಪದ ಮೇಲೆ ಇಳಿಯಬಹುದಾ?

ಪ್ರವಾಸಿಗರನ್ನು ಇಳಿಸುವುದಿಲ್ಲ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದೆ, ಹಳೆಯ ಗುಂಡುಗಳ ಚೂರು ನೀರಿನಡಿಯೂ ಸಿಕ್ಕಿವೆ. ಮೀನುಗಾರರು ಹರಕೆಗೆ ಬಿಟ್ಟ ಆಡುಗಳು ಮೇಲೆ ಕಾಡಾಡಿಗಳಾಗಿ ಬದುಕಿವೆ ಅನ್ನುವುದು ಮಾತ್ರ ನನಗೆ ಪ್ರತಿ ಸಲವೂ ಕೌತುಕ.

ಒಂದೇ ಜಾಗಕ್ಕೆ ಹೋದ ಇಬ್ಬರಲ್ಲಿ ಒಬ್ಬರು ಸ್ವರ್ಗ ಅಂತಾರೆ, ಇನ್ನೊಬ್ಬರು ದಂಡ ಅಂತಾರೆ. ಯಾರನ್ನು ನಂಬೋದು?

ಇಬ್ಬರನ್ನೂ. ಅವರು ಹೋದ ತಿಂಗಳು ಕೇಳಿ.

ಸ್ನಾರ್ಕೆಲಿಂಗ್‌ನಲ್ಲಿ ಎಲ್ಲವೂ ನೀರು ಎಷ್ಟು ತಿಳಿಯಾಗಿದೆ ಅನ್ನುವುದರ ಮೇಲೆ ನಿಂತಿದೆ. ಮೀನು ಎಲ್ಲಿಗೂ ಹೋಗಿರುವುದಿಲ್ಲ, ನಿಮಗೆ ಕಾಣುವುದಿಲ್ಲ, ಅಷ್ಟೇ. ನೀರನ್ನು ಕದಡುವುದು ಮುಖ್ಯವಾಗಿ ಮೂರು: ಹೊಳೆ ತರುವ ಕೆಸರು, ತಳದ ಮರಳನ್ನು ಎಬ್ಬಿಸುವ ಅಲೆ, ಮತ್ತೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಒಮ್ಮೆಲೇ ಹೆಚ್ಚಿ ನೀರು ಹಸಿರಾಗುವುದು.

ನಾನು ಯಾವುದೇ ಜಾಗಕ್ಕೆ ಹೊರಡುವ ಮುಂಚೆ ನಕ್ಷೆ ತೆಗೆದು ಒಂದೇ ವಿಷಯ ನೋಡುತ್ತೇನೆ. ಹತ್ತಿರದಲ್ಲಿ ಹೊಳೆ ಎಲ್ಲಿ ಕಡಲು ಸೇರುತ್ತದೆ? ನಮ್ಮ ಪಶ್ಚಿಮ ಕರಾವಳಿ ಇಷ್ಟು ಉದ್ದ ಇದ್ದರೂ ಸ್ನಾರ್ಕೆಲಿಂಗ್‌ಗೆ ಜಾಗ ಬೆರಳೆಣಿಕೆಯಷ್ಟು. ಅದಕ್ಕೆ ಕಾರಣವೂ ಇದೇ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲವೂ ಘಟ್ಟದ ಮಣ್ಣನ್ನು ತಂದು ಸುರಿಯುತ್ತವೆ. ಹವಳಕ್ಕೆ ಬಿಸಿಲು ಬೇಕು, ಉಪ್ಪು ಬೇಕು. ಕೆಸರೂ ಸಿಹಿನೀರೂ ಆಗುವುದಿಲ್ಲ. ಬೆಸ್ತರಿಗೆ ಹೊಳೆಬಾಯಿ ಅಂದರೆ ಭರ್ತಿ ಮೀನು. ನಮಗೆ ಅದೇ ಹೊಳೆಬಾಯಿ ಅಂದರೆ ಚಹಾ ಬಣ್ಣದ ನೀರು.

ಗೋವಾದ ಗ್ರಾಂಡೆ ದ್ವೀಪದ ಪ್ಯಾಕೇಜ್ ತಗೊಳ್ಳಲಾ?

ದೋಣಿ ಸವಾರಿ, ಡಾಲ್ಫಿನ್, ಊಟ, ಗೆಳೆಯರ ಗಲಾಟೆ ಬೇಕಾದರೆ ತಗೊಳ್ಳಿ. ಕಡಲ ತಳ ನೋಡಬೇಕು ಅಂತಿದ್ದರೆ ಬೇಡ. ಜುವಾರಿ ಮತ್ತು ಮಾಂಡವಿ ಎರಡೂ ಕಡಲು ಸೇರುವುದು ಅಲ್ಲೇ ಹತ್ತಿರ. ಒಳ್ಳೆಯ ದಿನ ಹೋದರೂ ನಾಲ್ಕೈದು ಮೀಟರ್ ಕಂಡರೆ ಪುಣ್ಯ.

ನಾನು ಮೊದಲ ಸಲ ಹೋದದ್ದು ಅಕ್ಟೋಬರ್‌ನಲ್ಲಿ, ಮಳೆ ಆಗಷ್ಟೇ ಬಿಟ್ಟಿತ್ತು. ದೋಣಿಯಲ್ಲಿ ನಲವತ್ತು ಜನ, ಮಾಸ್ಕ್ ಹನ್ನೆರಡು. ನನ್ನ ಪಾಳಿ ಬಂದಾಗ ಕೊಳವೆಯ ಬಾಯಿ ಇನ್ನೂ ಹಿಂದಿನವರ ಎಂಜಲಲ್ಲಿ ಬೆಚ್ಚಗಿತ್ತು. ನೀರಲ್ಲಿ ಹತ್ತು ನಿಮಿಷ ಕೊಟ್ಟರು. ಕಂಡದ್ದು ನನ್ನದೇ ಕೈ, ಅದೂ ಮಸುಕಾಗಿ. ಜಾಹೀರಾತಿನ ಹಾಳೆಯಲ್ಲಿ ಮಾತ್ರ ಕಿತ್ತಳೆ ಬಣ್ಣದ ಕೋಡಂಗಿ ಮೀನು ನಗುತ್ತಿತ್ತು. ಕೇಳಿದ್ದಕ್ಕೆ "ನಿನ್ನೆ ಸೂಪರ್ ಇತ್ತು ಸಾರ್" ಅಂದರು. ನಿನ್ನೆ ಯಾವಾಗಲೂ ಸೂಪರ್ ಇರುತ್ತದೆ.

ಮಾಲ್ವಣ, ತಾರ್ಕರ್ಲಿ?

ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಹತ್ತಿರ, ಖರ್ಚೂ ಕಡಿಮೆ. ಶಿವಾಜಿ ಕಟ್ಟಿಸಿದ ಸಿಂಧುದುರ್ಗ ಕೋಟೆಯ ಪಕ್ಕದಲ್ಲೇ, ಆಳ ಇಲ್ಲದ ನೀರಲ್ಲಿ, ಕೋಟೆ ನೋಡಿಕೊಂಡೇ ತೇಲುವ ಮಜಾ ಬೇರೆ. ಈ ಕಡಲು 1987ರಲ್ಲೇ ಅಭಯಾರಣ್ಯ ಅಂತ ಘೋಷಣೆಯಾಯಿತು. ಆದರೆ ಇಲ್ಲೂ ಕಾರ್ಲಿ ಹೊಳೆ ದೇವಬಾಗದ ಹತ್ತಿರ ಕಡಲು ಸೇರುತ್ತದೆ. ನೀರು ತಿಳಿಯಾಗಿರುವುದು ಅದೃಷ್ಟ. ಮಕ್ಕಳಿಗೆ ಮೊದಲ ರುಚಿ ತೋರಿಸಲು ಪರವಾಗಿಲ್ಲ, ಅದಕ್ಕೆಂದೇ ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಲ್ಲಿ ಹೋಗುವಷ್ಟಿಲ್ಲ.

ಅಂಡಮಾನ್‌ನಲ್ಲಿ ಎಲ್ಲಿ ಚೆನ್ನಾಗಿದೆ, ಎಲ್ಲಿ ಬೇಡ?

ಇದು ಎಲ್ಲರೂ ಕೇಳುವ ಪ್ರಶ್ನೆ, ಉತ್ತರವೂ ಉದ್ದ. ಮೊದಲು ಹೆಸರಿನ ಗೊಂದಲ ತೀರಿಸೋಣ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಅಲ್ಲಿನ ದೋಣಿಯವರು ಇನ್ನೂ ಹಳೇ ಹೆಸರನ್ನೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನಾರ್ತ್ ಬೇ ಬಿಟ್ಟುಬಿಡಿ. ಹಳೇ ಕೆಂಪು 20 ರೂಪಾಯಿ ನೋಟಿನ ಹಿಂದಿದ್ದ ದೀಪಸ್ತಂಭದ ಚಿತ್ರ ಅಲ್ಲಿಯದು. ಅದನ್ನು ನೋಡಲು ಹೋದರೆ ಸರಿ. ನೀರಲ್ಲಿ ಮಾತ್ರ ಜನರ ಕಾಲುಗಳೇ ಜಾಸ್ತಿ. ಊರಿಗೆ ಹತ್ತಿರ ಇರುವುದರಿಂದ ಎಲ್ಲಾ ಪ್ಯಾಕೇಜ್‌ನಲ್ಲೂ ಇದನ್ನೇ ಸೇರಿಸುತ್ತಾರೆ.

ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್ ಬಗ್ಗೆ ನನಗೆ ಎರಡು ಮನಸ್ಸು. ನೀರು ನಿಜಕ್ಕೂ ಚೆಂದ. ದಡದಿಂದ ನಾಲ್ಕು ಹೆಜ್ಜೆಗೆ ಮೀನು. ಆದರೆ ಬೆಳಗ್ಗೆ ಹತ್ತರ ಮೇಲೆ ಅದು ಸಂತೆ. ಪ್ಯಾಕೇಜ್‌ನಲ್ಲಿ "ಉಚಿತ ಸ್ನಾರ್ಕೆಲಿಂಗ್" ಅಂತಾರಲ್ಲ, ಅದರಲ್ಲಿ ಗೈಡ್ ನಿಮ್ಮನ್ನು ಒಂದು ಟ್ಯೂಬಿಗೆ ನೇತುಹಾಕಿ ಒಂದು ಸುತ್ತು ಎಳೆದು ತಂದು ಬಿಡುತ್ತಾನೆ. ಫೋಟೋ ತೆಗೆಯುವಷ್ಟರಲ್ಲಿ ಮುಗಿಯಿತು. ಉದ್ದದ ಸುತ್ತು ಬೇಕಾದರೆ ಬೇರೆ ಕೊಡಿ. ನಾನು ಎರಡನೇ ಸಲ ಹೋದಾಗ ನನ್ನದೇ ಮಾಸ್ಕ್ ತಗೊಂಡು, ದಿನದ ಮೊದಲ ದೋಣಿ ಹಿಡಿದೆ. ಜಾಗ ಅದೇ, ಆದರೆ ಬೇರೆ ಲೋಕವೇ ಅನ್ನಿಸಿತು. ಗಿಳಿ ಮೀನು ಹವಳ ಕಡಿಯುವ ಕಟಕಟ ಸದ್ದು ಕೇಳಿಸಿತು. ಅದು ಹವಳದ ಮೇಲಿನ ಪಾಚಿಗೋಸ್ಕರ ಕಡಿದು, ಕಲ್ಲನ್ನು ಅರೆದು, ಮರಳಾಗಿ ಹೊರಗೆ ಬಿಡುತ್ತದೆ. ನೀವು ಟವೆಲ್ ಹಾಸಿ ಮಲಗುವ ಬಿಳಿ ಮರಳಿನಲ್ಲಿ ಎಷ್ಟೋ ಪಾಲು ಗಿಳಿ ಮೀನಿನ ಕಕ್ಕ. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಬೀಚ್ ಮೇಲಿನ ಪ್ರೀತಿ ಇಮ್ಮಡಿಯಾಗುತ್ತದೆ.

ಜಾಲಿ ಬಾಯ್‌ಗೆ ವಂಡೂರಿನಿಂದ ದೋಣಿ. ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗಿದೆ. ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ, ನೀರಿನ ಬಾಟಲಿಗೂ ಠೇವಣಿ ಕಟ್ಟಬೇಕು. ವರ್ಷದಲ್ಲಿ ಕೆಲವು ತಿಂಗಳು ಜಾಲಿ ಬಾಯ್ ಮುಚ್ಚಿ ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ. ಹವಳಕ್ಕೂ ರಜೆ ಬೇಕಲ್ಲ. ಕಿರಿಕಿರಿ ಅಂತ ಬೈಯುವವರಿದ್ದಾರೆ. ನನಗಂತೂ ಇಲ್ಲಿನ ಕಟ್ಟುನಿಟ್ಟೇ ಇಷ್ಟ. ನೀರಿಗಿಳಿದ ಮೇಲೆ ಅದರ ಫಲ ಕಾಣುತ್ತದೆ.

ನೀಲ್ ನನ್ನ ಪ್ರೀತಿಯ ದ್ವೀಪ. ಭರತಪುರ ಬೀಚ್‌ನಲ್ಲಿ ಹವಳ ದಡಕ್ಕೆ ಹತ್ತಿರ. ಇಳಿತ ಜಾಸ್ತಿ ಇದ್ದಾಗ ಹೊಟ್ಟೆ ಹವಳಕ್ಕೆ ತಾಗುವಷ್ಟು ಕಡಿಮೆ ನೀರು, ಆಗ ಇಳಿಯಬೇಡಿ. ಆ ಹೊತ್ತಿನಲ್ಲಿ ಲಕ್ಷ್ಮಣಪುರದ ಕಲ್ಲಿನ ಸೇತುವೆ ಹತ್ತಿರ ಹೋಗಿ. ನೀರು ಹಿಂದೆ ಸರಿದು ಗುಂಡಿಗಳಲ್ಲಿ ಮೀನು, ಏಡಿ, ಕಡಲ ಸೌತೆಗಳು ಸಿಕ್ಕಿಹಾಕಿಕೊಂಡಿರುತ್ತವೆ. ಮಾಸ್ಕ್ ಇಲ್ಲದೆಯೇ ನೋಡಬಹುದು. ನೀರಿಗಿಳಿಯಲು ಹೆದರುವ ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಅಂಡಮಾನ್‌ನಲ್ಲಿ ಮೊಸಳೆ ಇದೆಯಂತೆ, ನಿಜನಾ?

ನಿಜ. ಉಪ್ಪುನೀರಿನ ಮೊಸಳೆಗಳು ಕಾಂಡ್ಲಾ ಕಾಡಿನ ಹಳ್ಳಗಳಲ್ಲಿ ಇವೆ, ಕಡಲಲ್ಲೂ ಈಜುತ್ತವೆ. 2010ರಲ್ಲಿ ರಾಧಾನಗರ ಬೀಚ್‌ನ ಒಂದು ಮೂಲೆಯಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಯುವತಿಯೊಬ್ಬರು ಮೊಸಳೆ ದಾಳಿಗೆ ಪ್ರಾಣ ಬಿಟ್ಟರು. ಎಚ್ಚರಿಕೆಯ ಫಲಕ ಇದ್ದ ಕಡೆ ಇಳಿಯಬೇಡಿ. ಮುಸ್ಸಂಜೆಯಲ್ಲಿ, ಹಳ್ಳ ಕಡಲು ಸೇರುವ ಕಡೆ ಇಳಿಯಬೇಡಿ. ಜನರಿರುವ, ಗೈಡ್‌ಗಳಿರುವ ಜಾಗಕ್ಕೆ ಹೋಗಿ.

ಲಕ್ಷದ್ವೀಪ ಅಷ್ಟೊಂದು ಚೆನ್ನಾಗಿದೆಯಾ?

ನೀರಿನ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಅದಕ್ಕೆ ಸಾಟಿ ಇಲ್ಲ. ಅಲ್ಲಿ ಹೊಳೆಯೇ ಇಲ್ಲ. ಕೆಸರು ಬರುವುದಾದರೂ ಎಲ್ಲಿಂದ? ಹವಳದ ದಿಬ್ಬ ಸುತ್ತ ಗೋಡೆಯ ಹಾಗೆ ನಿಂತು ಅಲೆಯನ್ನು ಹೊರಗೇ ತಡೆಯುತ್ತದೆ, ಒಳಗೆ ತಟ್ಟೆಯ ಹಾಗೆ ಶಾಂತವಾದ ಲಗೂನ್. ಈಜು ಬಾರದವರಿಗೂ ಧೈರ್ಯ ಬರುವ ನೀರು.

ಹೋಗುವುದು ಮಾತ್ರ ಸ್ವಲ್ಪ ತಾಪತ್ರಯ. ಭಾರತೀಯರಿಗೂ ಪರವಾನಗಿ ಬೇಕು. 2024ರಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾದ ಮೇಲೆ ನಮ್ಮವರು ಜಾಸ್ತಿ ಹೋಗುತ್ತಿದ್ದಾರೆ. ಟಿಕೆಟ್ ತೆಗೆಯುವ ಮುಂಚೆ ಪರವಾನಗಿ ಮತ್ತು ಉಳಿಯುವ ಜಾಗ ಎರಡನ್ನೂ ಖಚಿತ ಮಾಡಿಕೊಳ್ಳಿ.

ಒಂದು ಹಳೇ ನಂಟೂ ಇದೆ. ಅಮಿನಿ, ಕಡಮತ್ ಇರುವ ಉತ್ತರದ ದ್ವೀಪಗಳ ಗುಂಪು 1956ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆಡಳಿತ ನಡೆಯುತ್ತಿದ್ದದ್ದು ಮಂಗಳೂರಿನಿಂದ.

ನಿರಾಸೆಯ ಮಾತೂ ಹೇಳಬೇಕು. ಅಗತ್ತಿಯ ಲಗೂನ್‌ನಲ್ಲಿ ಕಡಲ ಹುಲ್ಲನ್ನು ಹಸಿರು ಕಡಲಾಮೆಗಳು ಮೇಯ್ದು ಮೇಯ್ದು ಬರಿದು ಮಾಡಿವೆ. 1998, 2010, 2016, 2024ರಲ್ಲಿ ಕಡಲು ಬಿಸಿಯಾಗಿ ಹವಳ ಬಿಳುಚಿಕೊಂಡಿತು. ಎಷ್ಟೋ ಕಡೆ ಸತ್ತ ಹವಳದ ಮುರುಕಲುಗಳ ಮೇಲೆ ತೇಲುತ್ತೀರಿ. ನೀರು ಗಾಜಿನ ಹಾಗಿದ್ದರೆ ಸತ್ತದ್ದೂ ಗಾಜಿನ ಹಾಗೆ ಸ್ಪಷ್ಟವಾಗಿ ಕಾಣುತ್ತದೆ.

ಹವಳ ಬಣ್ಣಬಣ್ಣ ಇರುತ್ತೆ ಅಂದ್ಕೊಂಡಿದ್ದೆ. ಎಲ್ಲಾ ಕಂದು, ಬೂದು! ಮೋಸ ಹೋದೆನಾ?

ಇಲ್ಲ. ಕಂದು ಅಂದರೆ ಬಹಳ ಸಲ ಆರೋಗ್ಯವಾಗಿದೆ ಅಂತಲೇ ಅರ್ಥ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಪಾಚಿ ಬಾಡಿಗೆಗಿರುತ್ತದೆ. ಬಿಸಿಲಿನಿಂದ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ. ಆ ಕಂದು ಬಣ್ಣ ಪಾಚಿಯದು. ನೀರು ತೀರಾ ಬಿಸಿಯಾದರೆ ಹವಳ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ, ಆಗ ಅಪ್ಪಟ ಬಿಳಿ. ನೋಡಲು ಚೆಂದ ಕಾಣುತ್ತದೆ, ಆದರೆ ಅದು ಹಸಿದು ಸಾಯುತ್ತಿರುವ ಹವಳ.

ಇನ್ನೊಂದು ಕಾರಣ, ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಕೆಲವೇ ಮೀಟರ್ ಕೆಳಗೆ ಎಲ್ಲ ನೀಲಿ ನೀಲಿ. ಫೋಟೋದವರು ದೀಪ ಹಾಕಿ ಬಣ್ಣ ವಾಪಸ್ ತರುತ್ತಾರೆ. ನಿಮ್ಮ ಕಣ್ಣಿಗೆ ಆ ದೀಪ ಇಲ್ಲ.

ಹೊರದೇಶದಲ್ಲಿ?

ಮಾಲ್ಡೀವ್ಸ್‌ಗೆ ಹೋಗುವವರು ಕೋಣೆಯ ಫೋಟೋ ನೋಡಿ ದ್ವೀಪ ಆರಿಸುತ್ತಾರೆ. ಅಲ್ಲೇ ಎಡವುವುದು. ಕೇಳಬೇಕಾದ್ದು ಒಂದೇ: ದಡದಿಂದ ಈಜಿ ತಲುಪುವಷ್ಟು ಹತ್ತಿರ ಹವಳದ ದಿಬ್ಬ ಇದೆಯಾ? ಫೋಟೋದಲ್ಲಿ ಚೆಂದ ಕಾಣುವ ಅಗಲವಾದ ತಿಳಿನೀಲಿ ಲಗೂನ್ ಅಂದರೆ ಬರೀ ಮರಳು. ದುಬಾರಿ ನೀರಿನ ಮೇಲಿನ ಮನೆಯಲ್ಲಿ ಉಳಿದು, ಮೀನು ನೋಡಲು ದಿನಾ ದೋಣಿಗೆ ಬೇರೆ ದುಡ್ಡು ಕೊಟ್ಟ ದಂಪತಿ ನನಗೆ ಗೊತ್ತು.

ನಮ್ಮ ಮಳೆಗಾಲದಲ್ಲೇ ರಜೆ ಸಿಗುವವರಿಗೆ ಶ್ರೀಲಂಕಾದ ಪೂರ್ವ ಕರಾವಳಿ. ಮೇಯಿಂದ ಸೆಪ್ಟೆಂಬರ್ ಅಲ್ಲಿ ಒಳ್ಳೆಯ ಕಾಲ. ಟ್ರಿಂಕೋಮಲಿ ಹತ್ತಿರದ ನಿಲಾವೆಲಿಯಿಂದ ಪಿಜನ್ ಐಲ್ಯಾಂಡ್‌ಗೆ ಹೋದರೆ ರೆಕ್ಕೆತುದಿ ಕಪ್ಪಗಿರುವ ಚಿಕ್ಕ ಶಾರ್ಕ್‌ಗಳು ಕಾಣಬಹುದು. ನಮ್ಮ ಕರಾವಳಿಯವರು ತಾಟೆ ಅನ್ನುವುದು ಇವನ್ನೇ. ಅವು ನಿಮ್ಮನ್ನು ನೋಡಿ ಓಡುತ್ತವೆ. ಪಶ್ಚಿಮದ ಹಿಕ್ಕಡುವ ಮಾತ್ರ ಹೆಸರಿಗೆ ತಕ್ಕ ಹಾಗೆ ಉಳಿದಿಲ್ಲ.

ಬಾಲಿಯಲ್ಲಿ ಕೂಟಾ ಕಡೆ ಇದ್ದು ಸ್ನಾರ್ಕೆಲಿಂಗ್ ಕೇಳಬೇಡಿ. ಈಶಾನ್ಯದ ಅಮೆಡ್, ತುಲಂಬೆನ್‌ಗೆ ಹೋಗಿ. ತುಲಂಬೆನ್‌ನಲ್ಲಿ 1942ರಲ್ಲಿ ಜಪಾನಿನ ಟಾರ್ಪಿಡೊ ಹೊಡೆತ ತಿಂದ ಲಿಬರ್ಟಿ ಹಡಗು ದಡಕ್ಕೆ ಹತ್ತಿರವೇ ಮುಳುಗಿದೆ. ಮೊದಲು ಅದು ದಡದ ಮೇಲೇ ಇತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಮೇಲಿನ ಭಾಗ ಸ್ನಾರ್ಕೆಲ್‌ನವರಿಗೂ ಕಾಣುತ್ತದೆ. ಥಾಯ್ಲೆಂಡ್‌ನ ಮಾಯಾ ಬೇ ಜನರ ಕಾಟಕ್ಕೆ 2018ರಲ್ಲಿ ಮುಚ್ಚಿ, 2022ರಲ್ಲಿ ತೆರೆಯಿತು. ಈಜುವ ಹಾಗಿಲ್ಲ, ನೋಡಿ ಬರಬೇಕು.

ದುಬೈ, ಮಸ್ಕತ್‌ನಲ್ಲಿರುವ ನಮ್ಮವರಿಗೆ ಎರಡು ಹೆಸರು: ಫುಜೈರಾದ ಸ್ನೂಪಿ ದ್ವೀಪ, ಒಮಾನ್‌ನ ದೈಮಾನಿಯಾತ್ ದ್ವೀಪಗಳು. ಎರಡನೆಯದು ಬಹಳ ಮೇಲು.

ಮಾಸ್ಕ್ ಒಳಗೆ ನೀರು ಬರುತ್ತೆ, ಮಂಜು ಕಟ್ಟುತ್ತೆ. ಮೀಸೆ ಬೋಳಿಸಬೇಕಾ?

ನನಗೂ ಮೀಸೆ ಇದೆ, ಬೋಳಿಸಿಲ್ಲ. ಮೂಗಿನ ಕೆಳಗಿನ ಒಂದು ಪಟ್ಟಿಯಷ್ಟು ಕತ್ತರಿಸಿ, ಸಿಲಿಕೋನ್ ಗ್ರೀಸ್ ಸ್ವಲ್ಪ ಸವರಿದರೆ ಸಾಕು. ಕೊಳ್ಳುವಾಗ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ್ದು. ಮಂಜಿಗೆ ಮದ್ದು ಎಂಜಲು. ಗಾಜಿನ ಒಳಗೆ ಉಗುಳಿ, ಉಜ್ಜಿ, ತೊಳೆಯಿರಿ. ಅಸಹ್ಯ ಅನ್ನಿಸಿದರೆ ಮಕ್ಕಳ ಶಾಂಪೂ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ. ನೀರೊಳಗೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ನಿಮ್ಮ ನಂಬರಿಗಿಂತ ಕೊಂಚ ಕಡಿಮೆ ಇದ್ದರೂ ನಡೆಯುತ್ತದೆ. ಊರಿಗೆ ಬಂದು ಮೀನಿನ ಉದ್ದ ಹೇಳುವಾಗ ಈ ಲೆಕ್ಕ ಕಳೆಯುವುದನ್ನು ಮರೆಯಬೇಡಿ.

ದೋಣಿಯಲ್ಲಿ ವಾಂತಿ ಬರುತ್ತೆ.

ಹೊಟ್ಟೆ ತುಂಬ ಪೂರಿ ಸಾಗು ತಿಂದು ಹತ್ತಬೇಡಿ, ಖಾಲಿ ಹೊಟ್ಟೆಯಲ್ಲೂ ಬೇಡ. ಎರಡು ಇಡ್ಲಿ ಸರಿ. ಮಾತ್ರೆಯನ್ನು ಡಾಕ್ಟರ್ ಕೇಳಿ ಹೊರಡುವ ಮುಂಚೆಯೇ ತಗೊಳ್ಳಿ, ವಾಕರಿಕೆ ಶುರುವಾದ ಮೇಲೆ ಅಲ್ಲ. ಮೊಬೈಲ್ ಒಳಗಿಡಿ, ದಿಗಂತ ನೋಡಿ.

ಸನ್‌ಸ್ಕ್ರೀನ್ ಹಚ್ಚಿದರೆ ಹವಳಕ್ಕೆ ತೊಂದರೆಯಂತೆ?

ಕೆಲವು ರಾಸಾಯನಿಕಗಳಿಂದ ತೊಂದರೆ ಅಂತ ಥಾಯ್ಲೆಂಡ್ 2021ರಲ್ಲಿ ತನ್ನ ಸಾಗರ ಉದ್ಯಾನಗಳಲ್ಲಿ ಆಕ್ಸಿಬೆನ್‌ಜೋನ್‌ನಂಥವನ್ನು ನಿಷೇಧಿಸಿತು. ಸುಲಭದ ದಾರಿ, ತುಂಬುತೋಳಿನ ಈಜುಡುಗೆ. ಗಂಟೆಗಟ್ಟಲೆ ಬೋರಲು ಮಲಗುವುದರಿಂದ ಸುಡುವುದು ಬೆನ್ನು ಮತ್ತು ಮೊಣಕಾಲಿನ ಹಿಂಭಾಗ.

ಮೀನಿಗೆ ಬ್ರೆಡ್ ಹಾಕಬಹುದಾ? ಗೈಡೇ ಕೊಡ್ತಾನೆ.

ಬೇಡ. ಅವು ಪಾಚಿ ಮೇಯಬೇಕು. ಬ್ರೆಡ್ ರೂಢಿಯಾದ ಕಡೆ ಪಟ್ಟೆಪಟ್ಟೆಯ ಸಾರ್ಜೆಂಟ್ ಮೀನು ಮಾತ್ರ ಗುಂಪುಗಟ್ಟಿ ಮುತ್ತುತ್ತದೆ, ಬೆರಳನ್ನೂ ಕಚ್ಚಿ ನೋಡುತ್ತದೆ.

ಒಂದು ಸಣ್ಣ ಹವಳದ ತುಂಡು ತಂದರೆ?

ದಡದಲ್ಲಿ ಬಿದ್ದದ್ದೂ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಿಬ್ಬ ಕಟ್ಟುವ ಹವಳಕ್ಕೆ ಹುಲಿಯಷ್ಟೇ ರಕ್ಷಣೆ ಇದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ.

ದುಡ್ಡು ಕೊಡೋ ಮುಂಚೆ ಏನು ಕೇಳಬೇಕು?

ನೀರಲ್ಲಿ ಎಷ್ಟು ನಿಮಿಷ? ದೋಣಿಯಲ್ಲಿ ಎಷ್ಟು ಜನ, ಮಾಸ್ಕ್ ಎಷ್ಟು? ನೀರಿಗಿಳಿಯುವ ಗೈಡ್ ಎಷ್ಟು? ನೀರು ಕಲಕಿದ್ದರೆ ಬೇರೆ ದಿನ ಕೊಡುತ್ತೀರಾ? ಕೊನೆಯದಕ್ಕೆ ಹೂಂ ಅನ್ನುವವರು ಕಡಿಮೆ. ಸಿಕ್ಕರೆ ಅವರ ಹತ್ತಿರವೇ ಹೋಗಿ. "ಗ್ಯಾರಂಟಿ ಆಮೆ ತೋರಿಸ್ತೀವಿ" ಅನ್ನುವವರನ್ನು ಸುಮ್ನೆ ಬಿಡಿ.

ಸರಿ, ಒಂದೇ ಒಂದು ಜಾಗ ಹೇಳಿ ಅಂದರೆ?

ಕಡಮತ್. ಸುಮಾರು 9 ಕಿ.ಮೀ. ಉದ್ದದ ತೆಳ್ಳನೆಯ ದ್ವೀಪ, ಪಶ್ಚಿಮಕ್ಕೆ ಲಗೂನ್. ಬೆಳಗ್ಗೆ ಏಳಕ್ಕೆ ಇಳಿದೆ. ಸೊಂಟದಷ್ಟು ನೀರಲ್ಲಿ ಒಂದು ಆಮೆ ನಮ್ಮೂರ ಎಮ್ಮೆಯ ಹಾಗೆ ತಲೆ ತಗ್ಗಿಸಿ ಮೇಯುತ್ತಿತ್ತು. ನನ್ನನ್ನು ಒಂದು ಸಲ ನೋಡಿತು. ಮತ್ತೆ ಮೇಯತೊಡಗಿತು. ಅದರ ಪಕ್ಕದಲ್ಲೇ ತೇಲುತ್ತಾ ಎಷ್ಟು ಹೊತ್ತು ಕಳೆದೆನೋ, ದಡದಿಂದ ಹೆಂಡತಿ ತಿಂಡಿಗೆ ಕೂಗಿದ್ದು ಕೇಳಿಸಲಿಲ್ಲ. ತುಂಬುತೋಳಿನ ಅಂಗಿ ಕೋಣೆಯಲ್ಲೇ ಉಳಿದಿತ್ತು. ಆ ರಾತ್ರಿ ಮಲಗಿದ್ದೂ ಬೋರಲಾಗಿಯೇ.